ಹಸಿರು ಸೀರೆಯ ಮೂರನೇ ಚೂರು

ಎರಡೇ ಇವೆ, ಕಬ್ಬಿಣದ ಮೇಜಿನ ಮೇಲೆ, ಹಸಿರು ಬಟ್ಟೆ, ಹಳದಿ ಅಂಚು, ಇನ್ನೂ ಒದ್ದೆ – ಹನುಮೇಶ ಸೋಪಿನ ಪುಡಿ ಹಚ್ಚಿದ ಕೈಯನ್ನು ತೊಳೆಯದೆ ಹಾಗೇ ಹಿಡಿದುಕೊಂಡು ನೋಡಿದ, ಎರಡೇ, ಇನ್ನೊಂದು ಎಲ್ಲಿ, ಕೆಳಗೆ ಬಿದ್ದಿರಬೇಕು, ಬಗ್ಗಿದರೆ ಬಿಚ್ಚಿಹಾಕಿದ ಹಳೇ ರೇಡಿಯೇಟರ್, ಕೆಂಪಗಿನ ತುಕ್ಕು ನೀರು, ಒಂದು ಕ್ಲಿಪ್ಪು, ಬಟ್ಟೆ ಇಲ್ಲ. ಇರುತ್ತೆ ಬಿಡು ಎಲ್ಲೋ. ಲಗ್ಗೆರೆಯ ಈ ಶೆಡ್ಡಿನಲ್ಲಿ ಸ್ಪ್ಯಾನರೇ ಇಟ್ಟಲ್ಲಿ ಸಿಗುವುದಿಲ್ಲ, ಇನ್ನು ಬಟ್ಟೆ ಚೂರು ಯಾವ ಲೆಕ್ಕ. ಆದರೆ ಮೂರೇ ಚೂರು ಮಾಡಿದ್ದಳಲ್ಲ ದಾನೇಶ್ವರಿ, ಅವನ ಹೆಂಡತಿ, ನಿನ್ನೆ ಸಂಜೆ ಬಾಡಿಗೆ ಮನೆಯ ಹೊಸ್ತಿಲ ಹತ್ತಿರ ಹೊಟ್ಟೆ ಹೊತ್ತು ಕಾಲು ಚಾಚಿ ಕೂತು, ಹಳೇ ಸೀರೆಯನ್ನು ಹಲ್ಲಲ್ಲಿ ಕಚ್ಚಿ ಚರ್ರನೆ ಹರಿದು, ಗ್ಯಾರೇಜಿಗೆ ಬಟ್ಟಿ ಬೇಕಂತಿದ್ರಲ್ಲ, ತಗೋರಿ, ನಾ ತವರಿಗೆ ಹೋದಮ್ಯಾಲೆ ಇದನ್ನ ನೋಡಿ ಅಳಕೋತ ಕುಂದ್ರಬ್ಯಾಡ್ರಿ ಮತ್ತ, ಅಂತ ನಕ್ಕಿದ್ದಳು, ಇವನೂ ನಕ್ಕಿದ್ದ, ನಗು ಬೇರೆ ಕೇಡು.

ತುರುಕಿದ್ದು ಮೂರು ಪೈಪಿನ ಬಾಯಿಗೆ. ಅದು ಅವನ ಅಭ್ಯಾಸ, ಇಲ್ಲಿಯ ಎಲ್ಲರ ಅಭ್ಯಾಸ, ಪಕ್ಕದಲ್ಲೇ ಲೇತ್ ಶೆಡ್ಡು, ಗಾಳಿ ಬಂದರೆ ಕಬ್ಬಿಣದ ಹುಡಿ ಹಾರಿ ಬರುತ್ತದೆ, ರೇಡಿಯೇಟರ್ ಬಿಚ್ಚಿದೊಡನೆ ತೆರೆದ ಪೈಪಿಗೆಲ್ಲ ಬಟ್ಟೆ ತುರುಕಬೇಕು, ತೊಳೆಯುವಾಗ ತೆಗೆಯಬೇಕು, ತೊಳೆದು ಮತ್ತೆ ತುರುಕಬೇಕು, ಹೊಸ ರೇಡಿಯೇಟರ್ ಕೂಡಿಸುವಾಗ ಮರೆಯದೆ ತೆಗೆಯಬೇಕು. ಮೇಲಿನ ಪೈಪಿನದ್ದು, ತೆಗೆದ, ನೆನಪಿದೆ. ಕೆಳಗಿನದ್ದು, ತೆಗೆದ, ಮೊಣಕೈಗೆ ನೀರು ಹಾರಿತ್ತು. ಇಂಜಿನ್ನಿನ ಹಿಂದೆ ಸಂದಿಯಲ್ಲಿ ಹೀಟರಿಗೆ ಹೋಗುವ ಸಣ್ಣ ಪೈಪಿನದ್ದು – ತೆಗೆದನೇ? ಬೋರ್‌ವೆಲ್ ನೀರು ಬಿಟ್ಟಿದ್ದು ಕಣ್ಣಿಗೆ ಕಟ್ಟಿದಂತಿದೆ, ಮೊದಲು ಕೆಂಪಗೆ, ಆಮೇಲೆ ಚಹಾದ ಬಣ್ಣ, ಆಮೇಲೆ ತಿಳಿ, ಬೋರಿನ ಉಪ್ಪು ಒಳಗೆ ಉಳಿಯಬಾರದೆಂದು ಕಡೆಗೆ ಕುಡಿಯುವ ನೀರಿನ ಕ್ಯಾನನ್ನೇ ಸುರಿದ, ಯಾವ ಗಿರಾಕಿಗೂ ಮಾಡದ್ದನ್ನು ಮಾಡಿದ, ಆ ಸಣ್ಣ ಪೈಪಿಗೆ ಮತ್ತೆ ಬಟ್ಟೆ ತುರುಕುತ್ತಿದ್ದಾಗಲೇ ಮಗಳನ್ನು ತವರಿಗೆ ಕರೆದೊಯ್ಯಲಿದ್ದ ಅತ್ತೆ ಚನ್ನಕ್ಕ ಚೀಲ ಹೊತ್ತು ಬಂದಳು, ಕಾರ್ ಯಾಕಪ್ಪಾ, ಬಸ್ಸಿಗೆ ಹೊಕ್ಕೀವಿ ನಾವು. ಬಸ್ಸು ಬ್ಯಾಡ ಅತ್ತಿ, ಕುಲುಕಾಡತೈತಿ, ನಾ ನನ್ನ ಕೈಯಾರೆ ರೆಡಿ ಮಾಡಿದ ಗಾಡಿ ಇದು. ಕೈಯಾರೆ! ಚೀಲ ಇಳಿಸಿಕೊಳ್ಳಲು ಹೋದ, ತಿರುಗಿ ಬಂದ, ಪೈಪು ಕೂಡಿಸಿದ, ಕ್ಲಿಪ್ಪು ಬಿಗಿದ. ಮಧ್ಯೆ ಬಟ್ಟೆ ತೆಗೆದದ್ದು ಎಷ್ಟು ತಡಕಿದರೂ ನೆನಪಿಗೆ ಬರುತ್ತಿಲ್ಲ, ಬರುವುದು ಬರೀ ಆ ಕರೀ ಪೈಪಿನ ಬಾಯಿ, ಅದರಲ್ಲಿ ಹಸಿರು, ಹೊರಗೆ ಇಣುಕುವ ಹಳದಿ ಅಂಚು.

ಇಲ್ಲ, ಇಂಜಿನ್ ತಂಪಿಡುವ ಕೂಲಂಟ್ ತುಂಬಿ ನೋಡಿದ್ದನಲ್ಲ, ಮುಚ್ಚಳ ತೆಗೆದಿಟ್ಟು ಇಂಜಿನ್ ಓಡಿಸಿದ್ದನಲ್ಲ, ಗುಳ್ಳೆ ಎದ್ದು ನಿಂತವು, ಫ್ಯಾನ್ ತಿರುಗಿತು, ಬಿಸಿ ತೋರಿಸುವ ಮುಳ್ಳು ನಡುಮಧ್ಯೆ ನಿಂತಿತು, ಎಲ್ಲ ಸರಿ – ಹೀಟರ್ ಒಂದು ಬಿಟ್ಟು. ಹೀಟರ್ ಹಾಕಿ ಕಿಂಡಿಗೆ ಕೈ ಒಡ್ಡಬೇಕು, ಬಿಸಿಗಾಳಿ ಬಂದರೆ ನೀರು ಎಲ್ಲ ಕಡೆ ಓಡಾಡಿದೆ ಎಂದು ಅರ್ಥ, ಬೆಂಗಳೂರಲ್ಲಿ ಯಾರೂ ಹಾಕದ ಹೀಟರನ್ನು ಮೆಕ್ಯಾನಿಕ್ ಹಾಕುವುದು ಅದಕ್ಕೇ. ಹಾಕಿದ್ದ. ಅಷ್ಟರಲ್ಲಿ ದಾನೇಶ್ವರಿ ಮುಂದಿನ ಸೀಟಿನಲ್ಲಿ ಕೂತುಬಿಟ್ಟಿದ್ದಳು, ಏಳು ತಿಂಗಳ ಹೊಟ್ಟೆ, ಕುಬಸದ, ಸೀಮಂತದ, ಹೊಸ ಸೀರೆ, ಹಣೆಯ ಮೇಲೆ ಬೆವರು, ಶಕಿ ಆಗಕತ್ತೈತಿ, ಬಂದ್ ಮಾಡ್ರೀ ಅದನ್ನ. ತಕ್ಷಣ ಬಂದ್ ಮಾಡಿದ. ಗಾಳಿ ಇನ್ನೂ ಕಾದಿರಲಿಲ್ಲ. ಅಯ್ಯೋ ಮಂಗ್ಯಾ, ಕೆಳಗಿಳಿ ಅಂದಿದ್ದರೆ ಆಗ್ತಿರಲಿಲ್ಲವೇ, ಒಂದು ಘಳಿಗೆ ಹೊರಗೆ ನಿಲ್ಲು ಅಂದಿದ್ದರೆ!

ಗಾಡಿ ಹೊರಟು ಗಂಟೆಯಾಯಿತು, ಊರೊಳಗೆ ಏನೂ ಆಗುವುದಿಲ್ಲ. ಹೈವೇ ಹತ್ತಿ ವೇಗ ಹಿಡಿದಾಗ ನೀರು ಎಳೆಯುತ್ತದೆ, ಬಟ್ಟೆ ಜಾರಿ ಪಂಪಿನ ರೆಕ್ಕೆಗೆ ಸುತ್ತಿಕೊಳ್ಳುತ್ತದೆ, ನೀರು ನಿಲ್ಲುತ್ತದೆ, ಇಂಜಿನ್ ಕುದಿಯುತ್ತದೆ, ನಡುರಸ್ತೆಯಲ್ಲಿ ಗಾಡಿ ಗಪ್ಪನೆ ನಿಲ್ಲುತ್ತದೆ, ಹಿಂದೆ ಲಾರಿ – ಥೂ, ಬಿಡ್ತು ಅನ್ನು. ಹನುಮೇಶ ಸೋಪಿನ ಕೈಯಲ್ಲೇ ಫೋನ್ ಒತ್ತಿದ. ಮನೆ ಮಾಲೀಕರ ಮಗ ರಾಜೇಂದ್ರ, ಟ್ಯಾಕ್ಸಿ ಅವನದೇ, ಓಡಿಸುವವನೂ ಅವನೇ, ಎತ್ತುವುದಿಲ್ಲ. ಹ್ಯಾಗೆ ಎತ್ತಿಯಾನು, ಬಸುರಿ ಹೆಂಗಸು ಕುಂತಾಳ, ಆಕಿ ತವರು ಲಿಂಗಸೂಗೂರು ಮುಟ್ಟೋ ತನಕ ಫೋನ್ ಮುಟ್ಟಬ್ಯಾಡ ಎಂದು ಆಣೆ ಹಾಕಿಸಿದವನು ಇವನೇ, ಆಯ್ತು ಬಿಡೋ ಮಗಾ, ನಿನ್ ಹೆಂಡ್ತಿ ನನ್ ತಂಗಿ ಇದ್ದಂಗೆ, ಎಂದಿದ್ದ ಪುಣ್ಯಾತ್ಮ. ದಾನೇಶ್ವರಿಯ ಫೋನು ರಿಂಗಾಗುತ್ತದೆ, ರಿಂಗಾಗುತ್ತದೆ, ನಿದ್ದೆ ಹೋದಳೋ, ಚೀಲದಲ್ಲಿದೆಯೋ, ಈಗ ನೆಲಮಂಗಲ ದಾಟಿರಬೇಕು, ದಾಬಸ್‌ಪೇಟೆ ಹತ್ತಿರ, ಎತ್ತೇ, ಎತ್ತವ್ವಾ, ಪಕ್ಕದ ಲೇತ್ ಕಿರ್ರೆನ್ನುತ್ತದೆ, ಮೇಜಿನ ಮೇಲೆ ಹಸಿರು ಎರಡು, ಎರಡೇ, ಮತ್ತೆ ಒತ್ತಿದ.

ಏನ್ರೀ, ಆಗ್ಲೇ ನೆನಪಾತಾ. ನಿದ್ದೆಗಣ್ಣಿನ ದನಿ. ಹೆದರಿಸಬಾರದು, ಹೆದರಿಸಬಾರದು, ಮೆಲ್ಲಗೆ ಅಂದ, ದಾನೀ, ಮುಂದ ಕೆಂಪು ಗೆರಿ ಇರೋ ತಿರುಪು ಐತಲ್ಲ, ಅದನ್ನ ಪೂರ್ತಿ ಬಲಕ್ಕ ತಿರುಗಿಸು. ತಿರುಗಿಸಿದೆ, ಯಾಕ್ರೀ. ಕಿಂಡಿಗೆ ಕೈ ಒಡ್ಡು. ಒಡ್ಡೀನಿ. ಬಿಸಿ ಐತಾ. ಇಲ್ರೀ. ತಡಿ, ಇನ್ನೊಂಚೂರು ತಡಿ, ಕೈ ತೆಗಿಬ್ಯಾಡ – ಬಿಸಿ ಬರಲಿ, ಅವಳು ಬೈಯಲಿ, ಶಕಿ ಆಗಕತ್ತೈತಿ ಎಂದು ಚೀರಲಿ, ಕೈ ಸುಡತೈತಿ ಅನ್ನಲಿ, ಒಂದೇ ಒಂದು ಸಲ ಅನ್ನಲಿ.

ತಣ್ಣಗೈತ್ರೀ, ಎಂದಳು, ತಂಪು ಗಾಳಿ, ಹಿತ ಅನಸ್ತೈತಿ, ಹಿಂಗಾ ಇರ್ಲಿ ಬಿಡ್ರಿ.

ಗಾಡಿ ಸೈಡಿಗೆ ಹಾಕಂತ ಹೇಳು ರಾಜೇಂದ್ರಗ, ಈಗ, ಈಗಿಂದೀಗ – ಅಣ್ಣಾ, ಸೈಡಿಗೆ ಹಾಕ್ಬೇಕಂತ – ಯಾಕಂತೆ ತಾಯಿ, ಮುಳ್ಳು ಸರ್ಯಾಗೇ ಐತಲ್ಲ – ಅತ್ತೆಯ ದನಿ, ಏನಾತು, ಏನಾತವ್ವಾ – ಇಂಡಿಕೇಟರಿನ ಟಿಕ್ ಟಿಕ್, ಕಿವಿಯಲ್ಲೇ ಹಾದುಹೋದ ಲಾರಿ ಹಾರ್ನು, ಟಿಕ್ ಟಿಕ್, ಇನ್ನೂ ನಿಂತಿಲ್ಲ, ಇನ್ನೂ ಓಡುತ್ತಿದೆ, ಏನಾತ್ರೀ, ಹೇಳ್ರೀ, ಎಂದು ಅವಳು ಕೇಳುತ್ತಿದ್ದಾಳೆ, ಟಿಕ್ ಟಿಕ್, ಕರೀ ಪೈಪಿನ ಬಾಯಿ, ಹಸಿರು, ಅವಳ ಹಲ್ಲು ಕಚ್ಚಿದ ಹಳದಿ ಅಂಚು.