ಆರು ಚೀಸ್, ಎರಡು ಮೂಗು

ಅಂಗಡಿಯಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವರಿಲ್ಲ. ಎಲ್ಲರಿಗೂ ನಾನು ಮೂಗಮ್ಮ. ನೆಲಮಾಳಿಗೆಯಲ್ಲಿ ಮಾಗುವ ಚೀಸ್‌ಗಳಲ್ಲಿ ಯಾವುದು ಹದಕ್ಕೆ ಬಂತು, ಯಾವುದಕ್ಕೆ ಇನ್ನೂ ವಾರ ಬೇಕು ಎಂದು ಮೂಸಿ ಹೇಳುವುದು ಮೂವತ್ತು ವರ್ಷದಿಂದ ನನ್ನ ಕೆಲಸ. ಅಂಗಡಿಯ ಯಜಮಾನ ನನ್ನ ಅಣ್ಣ. ಅವನೇನಾದರೂ ಮೂಸಲು ಬಂದರೆ, "ನಿನ್ನ ಮೂಗಿರೋದು ಕನ್ನಡಕ ಇಡೋಕೆ, ಆಚೆ ಹೋಗು" ಎಂದು ಓಡಿಸುತ್ತಿದ್ದೆ. ಕೋಪವೂ ನನಗೆ ಮೂಗಿನ ತುದಿಯಲ್ಲೇ.

ಮೂರು ವಾರದ ಹಿಂದೆ ಜ್ವರ ಬಂತು. ಹೋಗುವಾಗ ವಾಸನೆಯನ್ನೂ ಹೊತ್ತುಕೊಂಡು ಹೋಯಿತು. ಕಾಫಿ ಬರೀ ಬಿಸಿನೀರಾಯಿತು. ಚೀಸ್ ಬಾಯಿಗಿಟ್ಟರೆ ಉಪ್ಪು, ಅಷ್ಟೇ. ಯಾರಿಗೂ ಹೇಳಲಿಲ್ಲ. ಮೂಗು ಹೋದ ಮೂಗಮ್ಮ ಈ ಅಂಗಡಿಯಲ್ಲಿ ಯಾರು? 

ಬೇರೆ ಕಾಲವಾಗಿದ್ದರೆ ಹೇಗೋ ದಿನ ದೂಡುತ್ತಿದ್ದೆ. ಆದರೆ ಇದು ಎಲೆ ಉದುರುವ ಕಾಲ, ಬೇಸಿಗೆಯ ಹಾಲಿನ ಚೀಸ್‌ಗಳು ಮಾಗಿ ಬರುವ ಕಾಲ. ದೊಡ್ಡ ಹೋಟೆಲಿನ ಬಾಣಸಿಗ ಪ್ರತಿವರ್ಷ ಈಗಲೇ ಬಂದು, ನಾನು ಆರಿಸಿದ ಆರು ಬಗೆಯನ್ನು ಮರುಮಾತಿಲ್ಲದೆ ಒಯ್ಯುತ್ತಾನೆ. ಕೆಟ್ಟದ್ದೊಂದು ಅದರಲ್ಲಿ ಸೇರಿದರೆ ನನ್ನ ಕಥೆ ಮುಗಿದಂತೆ.

ಕೊನೆಗೆ ಒಂದು ದಾರಿ ಹೊಳೆಯಿತು. ಅತ್ತಿಗೆಗೆ ಚೀಸ್ ಕಂಡರಾಗದು. ಇಪ್ಪತ್ತು ವರ್ಷ ಕೌಂಟರಿನಲ್ಲಿ ನಿಂತರೂ ಅಷ್ಟೇ. ಹಸಿಯದಕ್ಕೆ ಸುಮ್ಮನಿರುತ್ತಾಳೆ, ಹದಕ್ಕೆ ಬಂದದ್ದಕ್ಕೆ ಮೂಗು ಮುರಿಯುತ್ತಾಳೆ, ಕೆಟ್ಟದ್ದಕ್ಕೆ ಎದ್ದೇ ಹೋಗುತ್ತಾಳೆ. ಇದಕ್ಕಿಂತ ಒಳ್ಳೆಯ ಅಳತೆ ಎಲ್ಲಿ ಸಿಗಬೇಕು? ಇವತ್ತು ಬೆಳಿಗ್ಗೆ ಸಹಾಯಕ್ಕೆಂದು ಅವಳನ್ನು ನೆಲಮಾಳಿಗೆಗೆ ಕರೆದೊಯ್ದೆ. ಒಂದೊಂದನ್ನೂ ಮೂಸುವ ನಾಟಕವಾಡಿ, ಗಂಭೀರವಾಗಿ ತಲೆಯಾಡಿಸಿ, ಅವಳ ಮುಖದೆದುರು ಹಿಡಿದೆ. ಮೇಕೆ ಹಾಲಿನ ಪುಟ್ಟ ಗುಂಡು, ಎಲೆ ಸುತ್ತಿದ್ದು, ಉಪ್ಪುನೀರಿನಲ್ಲಿ ತೊಳೆದ ಕೆಂಪು ಸಿಪ್ಪೆಯದು, ಹೀಗೆ ಇನ್ನೂ ಕೆಲವು, ಕೊನೆಗೆ ನೀಲಿ ಬೂಷ್ಟಿನದು. ಅವಳು ಮೂಗು ಮುರಿದದ್ದೆಲ್ಲ ಹಲಗೆ ಸೇರಿತು. ಆರಾಯಿತು. ಬದುಕಿಕೊಂಡೆ ಎಂದುಕೊಂಡೆ.

ಹಲಗೆ ಹೊತ್ತು ಮೆಟ್ಟಿಲು ಹತ್ತಿ, ಹಿಂದಿನ ಅಡುಗೆಕೋಣೆ ದಾಟಿ ಅಂಗಡಿಗೆ ಬಂದೆವು. ಬೆನ್ನ ಹಿಂದೆಯೇ ಅಣ್ಣನ ಕೂಗು ಕೇಳಿಸಿತು.

"ಹಾಲು ಸೀದು ಪಾತ್ರೆ ಕರ್ರಗಾಗಿದೆ! ಇಲ್ಲೇ ದಾಟ್ಕೊಂಡು ಹೋದ್ರಲ್ಲ, ಇಬ್ಬರಿಗೂ ಮೂಗಿಲ್ವಾ?"

ನಾನು ಅತ್ತಿಗೆಯ ಮುಖ ನೋಡಿದೆ. ಅವಳು ನನ್ನದನ್ನು ನೋಡುತ್ತಿದ್ದಳು.

"ನಂಗೆ ಹತ್ತು ದಿನದಿಂದ ಯಾವ ವಾಸನೇನೂ ಬರ್ತಿಲ್ಲ ಕಣೇ," ಎಂದು ಪಿಸುಗುಟ್ಟಿದಳು. "ನಿನ್ನ ಜ್ವರಾನೇ ಅಂಟಿತ್ತು. ಹೇಳಿದ್ರೆ ನಿಮ್ಮಣ್ಣ ಕೌಂಟರ್ ಬಿಡಿಸ್ತಾರೆ ಅಂತ ಸುಮ್ನಿದ್ದೆ."

"ಮತ್ತೆ ಕೆಳಗೆ ಮೂಗು ಮುರೀತಿದ್ರಲ್ಲ?"

"ನೀನು ಜೋರಾಗಿ ತಲೆ ಆಡಿಸಿದಾಗೆಲ್ಲ ಮುರಿದೆ. ಮೂಗಮ್ಮ ಇದ್ದಾಳಲ್ಲ, ತಪ್ಪಾಗಲ್ಲ ಅಂದ್ಕೊಂಡೆ."

ನಗು ಬರಬೇಕಿತ್ತು. ಬರಲಿಲ್ಲ. ಆರರಲ್ಲಿ ಯಾವುದು ಹಸಿ, ಯಾವುದು ಕೊಳೆತದ್ದು, ದೇವರಿಗೇ ಗೊತ್ತು. ಅಷ್ಟರಲ್ಲಿ ಬಾಗಿಲ ಗಂಟೆ ಬಡಿಯಿತು. ಬಾಣಸಿಗ ಒಳಗೆ ಬಂದ. ಅಣ್ಣನೂ ಕೈ ಒರೆಸಿಕೊಳ್ಳುತ್ತ ಬಂದು ನಿಂತ.

"ಮೂಗಮ್ಮ ಆರಿಸಿದ್ಮೇಲೆ ನಾನು ನೋಡೋದೇನಿದೆ? ಕಟ್ಟಿಕೊಡಿ," ಎಂದ ಬಾಣಸಿಗ.

ಕಟ್ಟುವ ಕಾಗದ ನನ್ನ ಕೈಯಲ್ಲೇ ಇತ್ತು. ಮಡಚಿದರೆ ಇವತ್ತಿನ ಮಟ್ಟಿಗೆ ಮಾನ ಉಳಿಯುತ್ತಿತ್ತು. ಆ ನೀಲಿಯದನ್ನು ಎತ್ತಿ ಕೊನೆಯ ಸಲ, ಎದೆ ತುಂಬ ಉಸಿರೆಳೆದೆ. ಏನೂ ಇಲ್ಲ. ತಣ್ಣನೆಯ ಗಾಳಿ.

"ಅಣ್ಣಾ," ಎಂದೆ. "ನೀನು ಮೂಸಿ ನೋಡು."

ಅಣ್ಣ ನಕ್ಕ. "ನಾನಾ? ನನ್ನ ಮೂಗಿರೋದು..."

ನನ್ನ ಮುಖ ನೋಡಿ ಮಾತು ನಿಲ್ಲಿಸಿದ. ನಿಧಾನವಾಗಿ ಕನ್ನಡಕ ತೆಗೆದು ಕೌಂಟರಿನ ಮೇಲಿಟ್ಟ.