ಅನುಷಾಳ ಎಡಗಾಲು

ತೆಂಗಿನಮರದಿಂದ ಬಿದ್ದು ಎಡಗಾಲು ಮುರಿದುಕೊಂಡಾಗ ಪರಮೇಶನಿಗೆ ಇನ್ನೂ ಮದುವೆಯಾಗಿರಲಿಲ್ಲ. ಮೂಳೆ ಸೊಟ್ಟಗೆ ಕೂಡಿ ಕುಂಟು ಉಳಿಯಿತು. ಈಗ ಹಿರಿಯೂರಿನ ತೆಂಗಿನಕಾಯಿ ಮಂಡಿಯಲ್ಲಿ ಕೂತು ಕಾಯಿ ಸುಲಿಯುತ್ತಾನೆ. ತನ್ನ ಕಾಲಿಗಾಗಿ ಅವನು ಕೊರಗಿದವನಲ್ಲ. ಆದರೆ ಸಂಜೆ ತನ್ನ ಕೈ ಹಿಡಿದು ಅಂಗಡಿಗೆ ಬರುವ ನಾಲ್ಕು ವರ್ಷದ ಮಗಳು ಅನುಷಾ ಕೂಡ ಎಡಗಾಲು ಎಳೆಯತೊಡಗಿದಾಗ ಅವನ ಎದೆ ಒಡೆಯಿತು.

"ಅಪ್ಪನ ಕಾಲೇ ಮಗೀಗೆ ಬಂದೈತೆ" ಎಂದಳು ಅವನ ತಾಯಿ ಹನುಮಮ್ಮ. ಬಿದ್ದಾಳೆಂಬ ಭಯಕ್ಕೆ ಮೊಮ್ಮಗಳನ್ನು ಅಂಗನವಾಡಿಗೂ ಕಳಿಸದೆ ಸೊಂಟದ ಮೇಲೇ ಹೊತ್ತು ತಿರುಗಿದಳು.

ಮಕ್ಕಳ ಓಟ, ಜಿಗಿತ, ಬೆರಳುಗಳ ಚುರುಕು ಪರೀಕ್ಷಿಸಲು ಚಿತ್ರದುರ್ಗದಿಂದ ಫಿಸಿಯೋಥೆರಪಿಸ್ಟ್ ಸಹನಾ ಅಂಗನವಾಡಿಗೆ ಬಂದ ದಿನ ಪರಮೇಶ ಕೆಲಸ ಬಿಟ್ಟು ಮಗಳನ್ನು ಕರೆತಂದ. ಅನುಷಾ ದಾರಕ್ಕೆ ಮಣಿಗಳನ್ನು ಸರಸರನೆ ಪೋಣಿಸಿದಳು. "ಅಪ್ಪನತ್ರ ನಡ್ಕಂಡು ಹೋಗು" ಎಂದಾಗ ಮಾತ್ರ ಕಾಲು ಎಳೆದಳು. ಪರಮೇಶ ತಲೆ ತಗ್ಗಿಸಿದ.

ಸಹನಾ ಮಗುವಿನ ಪಾದ, ಮೊಣಕಾಲು, ಸೊಂಟ ಎಲ್ಲ ಮಡಿಸಿ ತಿರುಗಿಸಿ ನೋಡಿದಳು. ಎಲ್ಲೂ ಬಿಗಿತವಿಲ್ಲ, ನೋವಿಲ್ಲ.

"ನೀವು ಒಂಚೂರು ಹೊರಗೆ ಹೋಗ್ರಿ."

ಅವನು ಹೊರಗಿನಿಂದ ಕಿಟಕಿಗೆ ಕಣ್ಣಿಟ್ಟ. ಸಹನಾ ಚೆಂಡು ಉರುಳಿಸಿದಳು. ಅನುಷಾ ಅದರ ಹಿಂದೆ ಓಡಿದಳು, ನೆಟ್ಟಗೆ!

"ಒಂಟಿ ಕಾಲಲ್ಲಿ ಕುಪ್ಪಳಿಸು ನೋಡಾಣ."

ಬಲಗಾಲಲ್ಲಿ ಕುಪ್ಪಳಿಸಿದಳು.

"ಈಗ ಆ ಕಾಲು?"

ಪರಮೇಶ ಕಿಟಕಿಯ ಸರಳನ್ನು ಬಿಗಿಯಾಗಿ ಹಿಡಿದುಕೊಂಡ. ಅನುಷಾ ಎಡಗಾಲ ಮೇಲೆ ನಿಂತು ಒಮ್ಮೆ ತೂಗಾಡಿದಳು. ಆಮೇಲೆ ಎದುರಿನ ಗೋಡೆ ಮುಟ್ಟುವತನಕ ಕುಪ್ಪಳಿಸುತ್ತಲೇ ಹೋದಳು. ಮಕ್ಕಳೆಲ್ಲ ಹೋ ಎಂದು ಕೂಗಿದವು.

"ಕಾಲು ಗಟ್ಟಿಮುಟ್ಟಾಗೈತ್ರಿ" ಎಂದು ಸಹನಾ ಹೊರಗೆ ಬಂದು ನಕ್ಕಳು. "ನಿಮ್ ಜೊತಿಗಿದ್ದಾಗಷ್ಟೇ ಹಂಗ್ ನಡೀತಾಳೆ."

ಪರಮೇಶ ಮಗಳ ಮುಂದೆ ಕುಕ್ಕರಿಸಿದ. "ಯಾಕವ್ವಾ ನನ್ನಂಗೆ ನಡೀತೀಯ?"

"ನಾನು ಜೋರಾಗಿ ಹೋದ್ರೆ ನೀನು ಹಿಂದೆ ಒಬ್ನೇ ಉಳ್ಕಂತೀಯಲ್ಲಪ್ಪ."

ಅವನು ಕಣ್ಣೊರೆಸಿಕೊಂಡು, "ನಾನು ಹಿಂದಿಂದ ಬತ್ತೀನಿ. ನೀನು ಓಡು!" ಎಂದ.

"ಓಡ್ಲಾ?"

"ಓಡು ಲೇ!"

ಅವಳು ಅಂಗನವಾಡಿಯಿಂದ ಓಡುತ್ತಲೇ ಮನೆಯ ಓಣಿಗೆ ಬಂದಳು. ಬಾಗಿಲಲ್ಲಿ ನಿಂತಿದ್ದ ಹನುಮಮ್ಮ, "ಅಯ್ಯೋ ಬೀಳ್ತಾಳೆ!" ಎಂದು ಹಿಡಿಯಲು ಬಂದಳು.

"ಬಿಡವ್ವಾ, ಹಿಡೀಬ್ಯಾಡ!" ಕುಂಟುತ್ತ ಬರುತ್ತಿದ್ದ ಪರಮೇಶ ಓಣಿಗೆಲ್ಲ ಕೇಳುವಂತೆ ಕೂಗಿದ. "ನಿನ್ ಕೈಗೆ ಸಿಗಾಕಿಲ್ಲ ಅವಳು!"

ಸಿಗಲೂ ಇಲ್ಲ. ಅಜ್ಜಿಯ ತೋಳಿನಡಿ ನುಸುಳಿ ಅನುಷಾ ಓಣಿಯ ಕೊನೆಯತನಕ ಓಡಿಯೇ ಓಡಿದಳು.