ಹೂಂ ಅನ್ನುವ ಕೆಲಸ

ನಮ್ಮ ಮಾವನವರನ್ನು ಕೆಲಸಕ್ಕೆ ಕರೆದುಕೊಂಡು ಹೋಗುವ ಉಪಾಯ ನನ್ನದಲ್ಲ, ಅತ್ತೆಯದು.

ನಾನು ನೀರಿನ ಪಂಪು ರಿಪೇರಿ ಮಾಡುವವಳು. ಅಪ್ಪನ ಅಂಗಡಿಯಲ್ಲಿ ಸ್ಪ್ಯಾನರು ಎತ್ತಿಕೊಡುತ್ತಲೇ ಕಲಿತದ್ದು. ಮೋಟರಿನ ಸದ್ದು ಕೇಳಿಯೇ ಅದರ ಕಾಯಿಲೆ ಹೇಳಬಲ್ಲೆ. ಆದರೆ ಯಾರ ಮನೆಗೆ ಹೋದರೂ ಒಂದೇ ಗೋಳು. ಬಾಗಿಲು ತೆರೆದವರು ನನ್ನನ್ನು ನೋಡುತ್ತಾರೆ, ಟೂಲ್ ಬಾಕ್ಸ್ ನೋಡುತ್ತಾರೆ, ಆಮೇಲೆ ನನ್ನ ಬೆನ್ನ ಹಿಂದೆ ಇಣುಕಿ, "ಎಲ್ಲಮ್ಮಾ ಮೆಕ್ಯಾನಿಕ್ಕು? ಗಾಡಿ ನಿಲ್ಲಿಸ್ತಿದ್ದಾನಾ?" ಎನ್ನುತ್ತಾರೆ. ನಾನೇ ಎಂದರೆ, "ಯಾರಾದ್ರೂ ಗಂಡಸರು ಬರ್ಲಿ ಬಿಡಮ್ಮ, ಕರೆಂಟಿನ ವಿಷಯ" ಎಂದು ಬಾಗಿಲು ಹಾಕಿಕೊಳ್ಳುತ್ತಾರೆ. ಕರೆಂಟು ಮೀಸೆಗೆ ಹೆದರುತ್ತದೆ ಎಂದು ಅಲ್ಲಿಯವರೆಗೆ ನನಗೆ ಯಾರೂ ಹೇಳಿರಲಿಲ್ಲ.

ನನ್ನ ಗಂಡ ಸರಕು ಹಡಗಿನಲ್ಲಿ ಅಡುಗೆಯವನು. ವರ್ಷದಲ್ಲಿ ಎಂಟು ತಿಂಗಳು ನೀರಿನ ಮೇಲಿದ್ದು ಇಪ್ಪತ್ತೆರಡು ಗಂಡಸರಿಗೆ ಮೂರು ಹೊತ್ತು ಬೇಯಿಸಿ ಹಾಕುತ್ತಾನೆ. ಸೌಟು ಹಿಡಿಯಲು ಹೆಂಗಸರು ಬರಲಿ ಎಂದು ಯಾವ ಕ್ಯಾಪ್ಟನ್ನೂ ಅವನನ್ನು ವಾಪಸ್ಸು ಕಳಿಸಿಲ್ಲ.

ಒಂದು ದಿನ ಮೂರು ಮನೆಯಿಂದ ಬಂದ ದಾರಿಗೆ ಸುಂಕವಿಲ್ಲ ಎಂದು ಹಿಂದಿರುಗಿ, ಟೂಲ್ ಬಾಕ್ಸನ್ನು ಅಡುಗೆಮನೆಯಲ್ಲಿ ಧಡಾರನೆ ಕುಕ್ಕಿದೆ. ಅತ್ತೆ ತರಕಾರಿ ಹೆಚ್ಚುತ್ತಲೇ ನನ್ನ ಬೈಗುಳವನ್ನೆಲ್ಲ ಕೇಳಿಸಿಕೊಂಡರು.

"ಅವ್ರಿಗೆ ಬೇಕಿರೋದು ಒಂದು ಗಂಡಸು ತಾನೆ?" ಎಂದರು. "ಅದಕ್ಕೆ ಕೆಲಸ ಬರ್ಬೇಕು ಅಂತೇನಿಲ್ವಲ್ಲ?"

"ಇಲ್ಲ."

"ನಮ್ಮನೇಲೂ ಒಂದು ಸುಮ್ನೆ ಕೂತಿದೆ. ತಗೊಂಡ್ಹೋಗು."

ಮಾವ ಹಜಾರದಲ್ಲಿ ಪೇಪರ್ ಓದುತ್ತಿದ್ದರು. ಮೂವತ್ತೈದು ವರ್ಷ ಒಂದು ಕಚೇರಿಯಲ್ಲಿ ಟಪಾಲಿಗೆ ಮೊಹರು ಒತ್ತಿ ನಿವೃತ್ತರಾದವರು. ಮನೆಯಲ್ಲಿ ಬಲ್ಬು ಹೋದರೆ ಹೆಂಡತಿಯನ್ನು ಕೂಗುವ ಜಾಯಮಾನ. ಆದರೆ ಮೀಸೆ ಮಾತ್ರ ಭರ್ಜರಿ. ದಪ್ಪ, ಬಿಳಿ, ಎರಡೂ ತುದಿ ಮೇಲಕ್ಕೆ. ಆ ಮೀಸೆ ನೋಡಿದರೆ ಅಣೆಕಟ್ಟನ್ನೇ ಕಟ್ಟಿಸಿದವರು ಎನ್ನಬೇಕು.

ಮಾವನಿಗೆ ಎರಡೇ ಕೆಲಸ ಕಲಿಸಿದೆ. ಟಾರ್ಚು ಹಿಡಿಯುವುದು, ನಾನು ಏನೇ ಅಂದರೂ "ಹೂಂ" ಅನ್ನುವುದು. "ಮಾವಾ, ಬೇರಿಂಗ್ ಹೋಗಿದೆ." "ಹೂಂ." "ಕೆಪಾಸಿಟರ್ ಬದಲಾಯಿಸ್ತೀನಿ." "ಹೂಂ." ಮಾವನ ಹೂಂ ಎಂದರೆ ಸಾಮಾನ್ಯವಲ್ಲ. ಹೊಟ್ಟೆಯಿಂದ ಹೊರಟು, ಮೀಸೆಯಲ್ಲಿ ಸೋಸಿ ಹೊರಗೆ ಬರುತ್ತಿತ್ತು. ಕೆಲಸಕ್ಕೆ ಹೋದ ಮನೆಯವರು ನನ್ನ ಕೈ ನೋಡುವುದನ್ನು ಬಿಟ್ಟು ಮಾವನ ಮುಖವನ್ನೇ ನೋಡುತ್ತಿದ್ದರು. ಕೆಲಸ ಮುಗಿದ ಮೇಲೆ ಕಾಫಿ ಮಾವನಿಗೆ, ಕೈ ತೊಳೆಯಲು ಹಿತ್ತಲ ನಲ್ಲಿ ನನಗೆ. ಮಾವನೂ ಬೆಳೆದರು. ಮನೆಯಲ್ಲೂ ಹೂಂ ಅನ್ನತೊಡಗಿದರು. "ಅಲ್ಪನಿಗೆ ಐಶ್ವರ್ಯ ಬಂದ್ರೆ ಅರ್ಧರಾತ್ರೀಲಿ ಕೊಡೆ ಹಿಡಿದನಂತೆ" ಎಂದು ಅತ್ತೆ ಕುಟುಕಿದರೆ, ಅದಕ್ಕೂ ಹೂಂ.

ಹೀಗೆ ಒಂದೂವರೆ ವರ್ಷ ಕಳೆಯಿತು. ಆಗ ಎಂಟು ಅಂತಸ್ತಿನ ಒಂದು ವಸತಿ ಕಟ್ಟಡದಿಂದ ಕರೆ ಬಂತು. ಅರವತ್ತನಾಲ್ಕು ಮನೆ, ನೆಲದಡಿಯ ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರೆತ್ತುವ ಎರಡು ದೊಡ್ಡ ಪಂಪು, ಎರಡೂ ಮುದಿಯವು. ಆರು ವಾರ ಮೈಮುರಿದು ಎರಡನ್ನೂ ದಾರಿಗೆ ತಂದೆ. ಅಲ್ಲಿನ ಸಂಘದವರು ವರ್ಷಪೂರ್ತಿ ಉಸ್ತುವಾರಿಯನ್ನು ಒಬ್ಬರಿಗೇ ಕೊಡುತ್ತೇವೆ ಎಂದರು. ಆ ಕೆಲಸ ನನ್ನ ಹೆಸರಿಗೆ ಬಂದರೆ ಇನ್ನು ಬಾಗಿಲು ಬಾಗಿಲಿಗೆ ಮೀಸೆ ಹೊತ್ತು ತಿರುಗಬೇಕಿಲ್ಲ. ಅಷ್ಟು ದೊಡ್ಡ ಕಟ್ಟಡದ ಮೆಕ್ಯಾನಿಕ್ಕು ಇವಳೇ ಎಂದರೆ ಉಳಿದವರು ಬಾಯಿ ಮುಚ್ಚುತ್ತಾರೆ. ನನಗೆ ಅದು ಬೇಕಿತ್ತು, ತುಂಬಾ ಬೇಕಿತ್ತು.

ಮಾತುಕತೆಗೆ ಸಂಘದ ಅಧ್ಯಕ್ಷರು ಕರೆದದ್ದು ಮಾವನನ್ನು. "ಯಜಮಾನ್ರು ಒಬ್ರೇ ಬಂದ್ರೆ ಸಾಕು. ಮನೆ ಹೆಣ್ಮಕ್ಕಳಿಗೆ ಯಾಕೆ ತೊಂದರೆ?"

ಮಾವ ಮೀಸೆಗೆ ಎಣ್ಣೆ ಹಚ್ಚಿ ಹೋದರು, ಸಂಜೆ ಒಂದು ಪತ್ರ ಹಿಡಿದು ಬಂದರು. ಮೇಲೆ ದಪ್ಪಕ್ಷರದಲ್ಲಿ "ತಾಂತ್ರಿಕ ಮುಖ್ಯಸ್ಥರು" ಎಂದು ಮಾವನ ಹೆಸರು, ಇನಿಷಿಯಲ್ ಸಮೇತ. ಅದರ ಕೆಳಗೆ: "ಸಹಾಯಕಿ – ಒಬ್ಬರು."

"ಏನು ಕೇಳಿದ್ರು ಮಾವಾ?"

"ಮೋಟರು ಯಾಕೆ ಪದೇ ಪದೇ ಕೆಡುತ್ತೆ ಅಂದ್ರು. ಹೂಂ ಅಂದೆ. ವೋಲ್ಟೇಜ್ ಇರ್ಬೇಕು ಅಂತ ಒಬ್ರು ಅಂದ್ರು. ಅದಕ್ಕೂ ಹೂಂ ಅಂದೆ. ಆಮೇಲೆ ಅವ್ರವ್ರೇ ಮಾತಾಡ್ಕೊಂಡು ಚಪ್ಪಾಳೆ ತಟ್ಟಿದ್ರು." ಮಾವ ನಗುತ್ತಿದ್ದರು. ನನ್ನ ಮುಖ ಕಂಡ ಮೇಲೆ ನಗು ಸಣ್ಣದಾಯಿತು. "ಯಾರ ಹೆಸರಲ್ಲಿದ್ರೇನಮ್ಮಾ, ಒಂದೇ ಮನೆ ತಾನೆ?"

ಒಂದೇ ಮನೆಯಾದರೆ ನನ್ನ ಹೆಸರನ್ನೇ ಹಾಕಿಸಬಹುದಿತ್ತಲ್ಲ! ನನಗೆ ಮೈಯೆಲ್ಲ ಉರಿಯಿತು.

ನಾಲ್ಕನೆಯ ದಿನ ಬೆಳಿಗ್ಗೆ ಅಧ್ಯಕ್ಷರ ಫೋನು. ಮೇಲಿನ ಮೂರು ಅಂತಸ್ತಿಗೆ ನೀರಿಲ್ಲ, ಜನ ಮುಖಕ್ಕೆ ಸೋಪು ಹಚ್ಚಿಕೊಂಡು ನಿಂತಿದ್ದಾರೆ. ನಾನು ಟೂಲ್ ಬಾಕ್ಸನ್ನು ಮಾವನ ಕಾಲ ಬಳಿ ಇಟ್ಟೆ.

"ಮುಖ್ಯಸ್ಥರೇ ಹೋಗಿ ಬನ್ನಿ. ಸಹಾಯಕಿಗೆ ತಲೆನೋವು."

ಮಾವ ಅತ್ತೆಯ ಕಡೆ ನೋಡಿದರು. ಅತ್ತೆ ಗೋಡೆಯ ಕಡೆ ನೋಡಿದರು. ಮಾವ ಹೋದರು.

ಒಂದು ಗಂಟೆಯ ಮೇಲೆ ಫೋನಿನಲ್ಲಿ ಪಿಸುದನಿ: "ಬಾರಮ್ಮಾ."

ಹೋದೆ. ಪಂಪಿನ ಕೋಣೆಯಲ್ಲಿ ಮಾವ ಕುರ್ಚಿಯ ಮೇಲೆ ಬೆವರುತ್ತಿದ್ದರು, ಕೈಯಲ್ಲಿ ಮೂರನೆಯ ಲೋಟ ಕಾಫಿ. ಅಧ್ಯಕ್ಷರು ಕೈಕಟ್ಟಿ ನಿಂತಿದ್ದರು. ಮೋಟರು ಸುಮ್ಮನೆ ಗುಂಯ್ ಎನ್ನುತ್ತಿತ್ತು.

"ಇವ್ರಿಗೆ ಇನ್ನೊಂದ್ಸಲ ಹೇಳ್ತೀನಿ, ನೀನೂ ಕೇಳು" ಎಂದರು ಮಾವ. "ಸ್ವಾಮಿ, ನನಗೆ ಏನೂ ಬರಲ್ಲ. ಯಾವತ್ತೂ ಬಂದಿಲ್ಲ. ಎಲ್ಲಾ ಮಾಡೋದು ನಮ್ಮ ಸೊಸೆ."

ಅಧ್ಯಕ್ಷರ ಕಣ್ಣು ತೇವವಾಯಿತು. "ನೋಡಮ್ಮಾ, ತುಂಬಿದ ಕೊಡ ತುಳುಕೋದಿಲ್ಲ ಅನ್ನೋದು ಇದಕ್ಕೇ. ಇಷ್ಟು ತಿಳಿದವರು, ಎಷ್ಟು ವಿನಯ! ಬೆಳಿಗ್ಗೆಯಿಂದ ಹೀಗೇ ಹೇಳ್ತಿದ್ದಾರೆ. ನಿನ್ನ ಪುಣ್ಯ."

ಬರುತ್ತದೆ ಎಂದು ನಾನು ಹೇಳಿದರೆ ನಂಬುವುದಿಲ್ಲ, ಬರುವುದಿಲ್ಲ ಎಂದು ಅವರು ಹೇಳಿದರೂ ನಂಬುವುದಿಲ್ಲ. ಇಂಥವರ ಹತ್ತಿರ ತಲೆ ಚಚ್ಚಿಕೊಳ್ಳುವ ಬದಲು ನಾನು ಸ್ವಿಚ್ಚು ಆರಿಸಿದೆ. ಖಾಲಿ ಓಡಿ ಪಂಪು ಸುಟ್ಟುಹೋದರೆ ಎಂಬ ಸಂಕಟ ನನಗೆ.

ಆಗ ಮಾವ ಎದ್ದು, ಟಾರ್ಚನ್ನು ಅಧ್ಯಕ್ಷರ ಕೈಗೆ ಕೊಟ್ಟರು. "ಇದನ್ನ ಹಿಡ್ಕೊಳ್ಳಿ. ಅವಳು ಏನಾದ್ರೂ ಅಂದ್ರೆ ಹೂಂ ಅನ್ನಿ."

ದೊಡ್ಡವರ ಮಾತು ಮೀರಬಾರದೆಂದು ಅಧ್ಯಕ್ಷರು ಹಿಡಿದುಕೊಂಡರು.

"ಪಂಪಲ್ಲಿ ನೀರು ನಿಲ್ತಿಲ್ಲ, ವಾಪಸ್ಸು ಸಂಪಿಗೇ ಇಳೀತಿದೆ" ಎಂದೆ.

"ಹೂಂ."

"ಪೈಪಿನ ತುದೀಲಿರೋ ವಾಲ್ವಿಗೆ ಏನೋ ಸಿಕ್ಕಿಹಾಕ್ಕೊಂಡಿದೆ. ಮೇಲೆತ್ತಬೇಕು."

"ಹೂಂ."

ಪೈಪು ಭಾರವಿತ್ತು. ಎಳೆಯುವಾಗ ನನ್ನ ಪಕ್ಕದಲ್ಲಿ ಇನ್ನೆರಡು ಕೈ ಸೇರಿದವು. ಮಾವನವು. ವಾಲ್ವಿನ ಬಾಯಲ್ಲಿ ಒಂದು ಪ್ಲಾಸ್ಟಿಕ್ ಮುಚ್ಚಳದ ಚೂರು. ಅದನ್ನು ಕಿತ್ತು, ಪೈಪು ಇಳಿಸಿ, ಪಂಪಿಗೆ ನೀರು ತುಂಬಿಸಿ ಸ್ವಿಚ್ಚು ಒತ್ತಿದೆ. ಸದ್ದು ಗಟ್ಟಿಯಾಯಿತು. ಮೇಲಿನಿಂದ ಯಾರೋ "ಬಂತು!" ಎಂದು ಕಿರುಚಿದರು.

ಮಾವ ಒದ್ದೆ ಕೈಯಲ್ಲೇ ಅಧ್ಯಕ್ಷರ ಮುಂದೆ ನಿಂತರು. "ಒಂದೂವರೆ ವರ್ಷದಿಂದ ನಾನು ಮಾಡಿದ್ದು, ಈಗ ನೀವು ಮಾಡಿದಷ್ಟೇ. ಈಗ ಹೇಳಿ ಸ್ವಾಮಿ, ಪಂಪು ರಿಪೇರಿ ಮಾಡಿದ್ದು ನೀವಾ?"

ಅಧ್ಯಕ್ಷರು ಹೂಂ ಅನ್ನಲು ಬಾಯಿ ತೆರೆದರು. ತೆರೆದದ್ದು ಹಾಗೇ ಉಳಿಯಿತು.

ಹೊಸ ಪತ್ರ ಎರಡು ದಿನದಲ್ಲಿ ಬಂತು. ನನ್ನ ಹೆಸರು ದಪ್ಪಕ್ಷರದಲ್ಲಿದೆ, ಸಹಾಯಕಿ ಎಂಬ ಸಾಲು ಇಲ್ಲ. ಮಾವನಿಗೆ ಮತ್ತೆ ಹಜಾರ, ಮತ್ತೆ ಪೇಪರು. ಎಂಟನೆಯ ದಿನ ನಾನು ಹೊರಡುವಾಗ ಹಳೆಯ ಅಂಗಿ ತೊಟ್ಟು ಬಾಗಿಲಲ್ಲಿ ನಿಂತಿದ್ದರು. "ಆ ನಟ್ಟು ಬಿಚ್ಚೋದು ಹೇಗೆ ಅಂತ ತೋರ್ಸಮ್ಮಾ."

ಈಗ ಅರವತ್ತೆಂಟರಲ್ಲಿ ಕಲಿಯುತ್ತಿದ್ದಾರೆ. ನಿಧಾನ, ತಪ್ಪು ಮಾಡುತ್ತಾರೆ, ನನ್ನಿಂದ ಬೈಸಿಕೊಳ್ಳುತ್ತಾರೆ. ಮೀಸೆಗೆ ಎಣ್ಣೆಯ ಬದಲು ಗ್ರೀಸು.

ಮೊನ್ನೆ ನಾವು ಕೆಲಸ ಮಾಡುವಾಗ ಅಧ್ಯಕ್ಷರು ಪಂಪಿನ ಕೋಣೆಗೆ ಇಣುಕಿ, ಲೊಚಗುಟ್ಟಿದರು. "ಅಯ್ಯೋ ಪಾಪ, ಈ ವಯಸ್ಸಲ್ಲಿ ಮಾವನ ಕೈಲಿ ದುಡಿಸ್ಕೋತಾಳಲ್ಲ. ಕಷ್ಟ ಅಲ್ವಾ ಯಜಮಾನ್ರೇ?"

ನನ್ನ ಕೈ ನಿಂತಿತು. ಅಭ್ಯಾಸಬಲದಿಂದ ಮಾವ ಈಗಲೂ ಹೂಂ ಅನ್ನುತ್ತಾರೆಂದೇ ಅಂದುಕೊಂಡೆ.

"ಉಹೂಂ" ಎಂದರು ಮಾವ. "ಗಂಡಸು ಅಂತ ಕುರ್ಚಿ ಮೇಲೆ ಕೂರ್ಸಿ, ಗೊತ್ತಿಲ್ಲದ್ದಕ್ಕೆಲ್ಲ ಹೂಂ ಅನ್ನಿಸ್ತಿದ್ರಲ್ಲ, ಅದು ಕಷ್ಟ ಆಗಿತ್ತು."

ಆಮೇಲೆ ನನ್ನ ಕಡೆ ತಿರುಗಿ, ಇದಕ್ಕೆ ಹದಿನೇಳರ ಸ್ಪ್ಯಾನರೋ ಹತ್ತೊಂಬತ್ತರದೋ ಎಂದು ಕೇಳಿದರು.